ಎಲುಬಿನೊಳಗೆ ಕರಗುವ ಔಷಧದ ಮಣಿಗಳು

ಅಪಘಾತದಲ್ಲಿ ಮೊಣಕಾಲ ಕೆಳಗಿನ ಎಲುಬು ಮುರಿದು ಚರ್ಮ ಸೀಳಿ ಹೊರಬಂದರೆ, ಗಾಯದೊಳಗೆ ಮಣ್ಣಿನೊಂದಿಗೆ ರೋಗಾಣುಗಳೂ ಸೇರುತ್ತವೆ. ಕೆಲವರಲ್ಲಿ ಮೇಲಿನ ಗಾಯ ಮಾಯ್ದರೂ ಒಳಗೆ ಎಲುಬು ಕೊಳೆತು, ಸಣ್ಣ ರಂಧ್ರವೊಂದರಿಂದ ತಿಂಗಳುಗಟ್ಟಲೆ ಕೀವು ಸೋರುತ್ತದೆ. ಕಲ್ಲುಗಣಿ, ಲಾರಿಗಳ ನಮ್ಮ ಸೇಡಂ–ಚಿತ್ತಾಪುರ ಭಾಗದಲ್ಲಿ ಇಂಥ ರೋಗಿಗಳು ಅಪರೂಪವಲ್ಲ. "ಗುಳಿಗಿ ಎಷ್ಟ್ ನುಂಗಿದ್ರೂ ಕೀವು ನಿಂದ್ರವಲ್ದು, ಡಾಕ್ಟರ್ ಸಾಹೇಬ್ರ" ಎಂಬುದು ಅವರ ದೂರು.

ಇದರಲ್ಲಿ ಗುಳಿಗೆಯ ತಪ್ಪಿಲ್ಲ. ನುಂಗಿದ ಔಷಧ ರಕ್ತದ ಮೂಲಕವೇ ಹೋಗಬೇಕು. ಸತ್ತ ಎಲುಬಿನ ಚೂರಿಗೆ ರಕ್ತವೇ ಹರಿಯುವುದಿಲ್ಲ. ಆದ್ದರಿಂದ ಶಸ್ತ್ರಚಿಕಿತ್ಸಕರು ಮೊದಲು ಸತ್ತ ಭಾಗವನ್ನು ಕೆರೆದು ತೆಗೆಯುತ್ತಾರೆ. ಆಗ ಉಳಿಯುವ ಪೊಳ್ಳನ್ನು ತುಂಬುವುದು ಹೇಗೆ?

ಜರ್ಮನಿಯ ಡ್ರೀಸ್‌ಮನ್ ಎಂಬ ವೈದ್ಯ 1892ರಲ್ಲೇ ಅದಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಬಳಸಿದ್ದ. ಸಿಮೆಂಟು ಥಟ್ಟನೆ ಬಿಗಿಯದಂತೆ ನಮ್ಮ ಕಾರ್ಖಾನೆಗಳಲ್ಲಿ ಬೆರೆಸುವ ಜಿಪ್ಸಂ ಇದೆಯಲ್ಲ, ಅದನ್ನು ಕಾಯಿಸಿದರೆ ಸಿಗುವ ಪುಡಿಯೇ ಇದು. (ವೈದ್ಯಕೀಯ ಬಳಕೆಯದು ಬೇರೆಯೇ ಶುದ್ಧತೆಯದು, ಕಾರ್ಖಾನೆಯ ಪುಡಿಯನ್ನು ಗಾಯಕ್ಕೆ ಹಚ್ಚಬೇಡಿ!) ಈಗ ಅದರಲ್ಲಿ ಜೆಂಟಾಮೈಸಿನ್ ಅಥವಾ ವ್ಯಾಂಕೋಮೈಸಿನ್ ಬೆರೆಸಿ, ಮಣಿಗಳಾಗಿ ಮಾಡಿ ಪೊಳ್ಳಿನಲ್ಲಿ ತುಂಬುತ್ತಾರೆ. ಮಣಿ ಕರಗಿದಂತೆ ಔಷಧ ಅಲ್ಲಿಯೇ ಬಿಡುಗಡೆಯಾಗುತ್ತದೆ. ರಕ್ತದಲ್ಲಿ ಅಷ್ಟು ಪ್ರಮಾಣವಿದ್ದರೆ ಮೂತ್ರಪಿಂಡ ತಾಳಲಾರದು. 1970ರ ದಶಕದಿಂದ ಬಳಕೆಯಲ್ಲಿರುವ ಅಕ್ರಿಲಿಕ್ ಮಣಿಗಳು ಕರಗುವುದಿಲ್ಲ. ಸಾಮಾನ್ಯವಾಗಿ ಅವುಗಳನ್ನು ತೆಗೆಯಲು ಇನ್ನೊಮ್ಮೆ ಕೊಯ್ಯಬೇಕು. ಜಿಪ್ಸಂ ಮಣಿಗಳಿಗೆ ಆ ತಾಪತ್ರಯವಿಲ್ಲ.

ಆದರೆ ಅವು ಕೆಲವು ವಾರಗಳಲ್ಲೇ ಕರಗುತ್ತವೆ, ಎಲುಬು ಬೆಳೆಯುವುದು ನಿಧಾನ. ಇದಕ್ಕಾಗಿಯೇ ಸಂಶೋಧಕರು ಗೌಂಡಿಗಳ ಸಾರವೆಯಂಥ ರಂಧ್ರಮಯ ಚೌಕಟ್ಟುಗಳನ್ನು ರೂಪಿಸುತ್ತಿದ್ದಾರೆ. ಎಲುಬಿನ ಖನಿಜವನ್ನೇ ಹೋಲುವ ಕ್ಯಾಲ್ಸಿಯಂ ಫಾಸ್ಫೇಟ್, ಕರಗುವ ಹೊಲಿಗೆ ದಾರದ ಜಾತಿಯ ಪಾಲಿಮರ್ ಇವುಗಳ ಸಾಮಗ್ರಿ. ರಂಧ್ರಗಳಲ್ಲಿ ರಕ್ತನಾಳ ನುಗ್ಗಿ ಹೊಸ ಎಲುಬು ಕೂಡಬೇಕು, ಚೌಕಟ್ಟು ಮೆಲ್ಲಗೆ ಮಾಯವಾಗಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಇಂಥ ಜೈವಿಕ ವಸ್ತುಗಳ ಸಂಶೋಧನೆ ನಡೆದಿದೆ. ಔಷಧವನ್ನೂ ಬಿಡುವ ಚೌಕಟ್ಟುಗಳಲ್ಲಿ ಹೆಚ್ಚಿನವು ಇನ್ನೂ ಪ್ರಯೋಗಾಲಯ ದಾಟಿಲ್ಲ. ಇಂದಿಗೂ ಹಲವು ಪೊಳ್ಳುಗಳಿಗೆ ರೋಗಿಯ ಸೊಂಟದಿಂದ ತೆಗೆದ ಎಲುಬೇ ನನ್ನ ಮಟ್ಟಿಗೆ ನಂಬಿಕೆಯ ವಸ್ತು.

ಮಣಿಗಳಿಗೆ ಮೈಭಾರ ಹೊರುವ ಶಕ್ತಿಯಿಲ್ಲ. ರಾಡು ಅಥವಾ ಹೊರಗಿನ ಚೌಕಟ್ಟು ಇದ್ದೇ ಇರಬೇಕು, ವೈದ್ಯರು ಹೇಳುವವರೆಗೆ ಕಾಲೂರಬಾರದು. ಬೀಡಿ ಸೇದುವವರಲ್ಲಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ಎಲುಬು ಕೂಡುವುದು ತಡ. ಮಣಿ ಹಾಕಿದ ಮೇಲೆ ಕೆಲವರ ಗಾಯದಿಂದ ಕೆಲ ದಿನ ತಿಳಿನೀರು ಒಸರಬಹುದು, ಅದೆಲ್ಲ ಕೀವಲ್ಲ. ಜೊತೆಗೆ ಜ್ವರ, ದುರ್ವಾಸನೆ, ಹೆಚ್ಚುವ ನೋವು ಕಂಡರೆ ಮಾತ್ರ ಮರುದಿನಕ್ಕೆ ಕಾಯದೆ ಶಸ್ತ್ರಚಿಕಿತ್ಸಕರ ಬಳಿ ಹೋಗಿ.