ಹುಲಿ ಹುಡುಕಿ ಹೋದವರಿಗೆ ಎದುರಾಗುವ ಸೀಳುನಾಯಿ

ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯಿಂದ ಬಂಡೀಪುರಕ್ಕೆ ಹೊರಡುವ ಗುಂಪುಗಳು ಕೋಳಿ ಕೂಗುವ ಮುಂಚೆಯೇ ಟಿಟಿ ಹತ್ತುತ್ತವೆ. ನೆಲಮಂಗಲ ದಾಟಿ ಕುಣಿಗಲ್, ಬೆಳ್ಳೂರು ಕ್ರಾಸ್, ನಾಗಮಂಗಲದ ಮೇಲೆ ಮೈಸೂರು. ಅಲ್ಲಿಂದ ನಂಜನಗೂಡು, ಗುಂಡ್ಲುಪೇಟೆ. ದಾರಿಯುದ್ದಕ್ಕೂ ಮಾತೆಲ್ಲ ಹುಲಿಯದೇ. ಸಂಜೆ ಸಫಾರಿ ಮುಗಿಸಿ ಇಳಿದವರು "ಏನೂ ಸಿಗಲಿಲ್ಲ, ಜಿಂಕೆ ಮತ್ತೆ ಒಂದಷ್ಟು ಕೆಂಪು ನಾಯಿ ಅಷ್ಟೆ" ಅನ್ನುವುದುಂಟು. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಕೆಂಪು ನಾಯಿಯೇ ಸೀಳುನಾಯಿ. 2022ರ ಗಣತಿಯ ಪ್ರಕಾರ ಭಾರತವೊಂದರಲ್ಲೇ ಮೂರು ಸಾವಿರಕ್ಕೂ ಹೆಚ್ಚು ಹುಲಿಗಳಿವೆ. ಇಡೀ ಜಗತ್ತಿನಲ್ಲಿ ಉಳಿದಿರುವ ಪ್ರಾಯಕ್ಕೆ ಬಂದ ಸೀಳುನಾಯಿಗಳು, ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಅಂದಾಜಿನಂತೆ, 949ರಿಂದ 2,215.

ನೋಡಲು ನಮ್ಮ ಬೀದಿನಾಯಿಯಷ್ಟೇ ಗಾತ್ರ. ತೂಕ ಹದಿನೈದು ಕೆಜಿಯ ಆಸುಪಾಸು. ಮೈ ಇಟ್ಟಿಗೆಗೆಂಪು, ಬಾಲ ಪೊದೆಪೊದೆಯಾಗಿ ಕಪ್ಪು. ಹತ್ತಿರದ ಸಂಬಂಧಿಯಂತೆ ಕಂಡರೂ ಬಾಯಿ ತೆರೆದರೆ ವ್ಯತ್ಯಾಸ ಗೊತ್ತಾಗುತ್ತದೆ. ಸಾಕುನಾಯಿಗೆ 42 ಹಲ್ಲು, ಇದಕ್ಕೆ 40. ಕೆಳದವಡೆಯ ಕೊನೆಯ ದವಡೆಹಲ್ಲುಗಳು ಇಲ್ಲ. ಉಳಿದವು ಅಗಿಯುವುದಕ್ಕಿಂತ ಕತ್ತರಿಸುವುದಕ್ಕೆ ಹೇಳಿಮಾಡಿಸಿದಂತಿವೆ. ಅನ್ನ, ಮುದ್ದೆ ಏನಾದರೂ ತಿಂದು ಬದುಕುವ ನಾಯಿಯ ದಾರಿ ಇದಕ್ಕಿಲ್ಲ. ಮಾಂಸವೇ ಬೇಕು, ಅದೂ ಬೇಗ ಬೇಕು. ತಡಮಾಡಿದರೆ ಹುಲಿಯೋ ಚಿರತೆಯೋ ಬಂದು ಕಸಿಯುತ್ತದೆ.

ಹದಿನೈದು ಕೆಜಿಯ ಪ್ರಾಣಿ ಅದರ ನಾಲ್ಕೈದು ಪಟ್ಟು ತೂಗುವ ಚುಕ್ಕೆಜಿಂಕೆಯನ್ನು ಬೀಳಿಸುವುದು ಗುಂಪಿನ ಬಲದಿಂದ. ಕೆಲವು ಪೊದೆಯೊಳಗೆ ನುಗ್ಗಿ ಜಿಂಕೆಯನ್ನು ಎಬ್ಬಿಸುತ್ತವೆ, ಕೆಲವು ಹೊರಬರುವ ಜಾಗದಲ್ಲಿ ಕಾಯುತ್ತವೆ. ಅಟ್ಟಾಡಿಸುವಾಗ ದಟ್ಟ ಲಂಟಾನದಲ್ಲಿ ಒಂದಕ್ಕೊಂದು ಕಾಣದಷ್ಟು ಚದುರಿಹೋದರೆ ಸಿಳ್ಳೆ ಹಾಕಿ ಮತ್ತೆ ಕೂಡಿಕೊಳ್ಳುತ್ತವೆ. ನಿಜವಾದ ಸಿಳ್ಳೆ ಅದು, ಬೊಗಳಿಕೆಯಲ್ಲ. ಬೇಟೆ ಬಹುಪಾಲು ಹಗಲಲ್ಲೇ, ಬೆಳಗ್ಗೆ ಮತ್ತು ಸಂಜೆ. ಅಂದರೆ ಸಫಾರಿಯ ಹೊತ್ತಿನಲ್ಲೇ.

ಬೇಟೆಯ ನಂತರ ನಡೆಯುವುದು ನನಗೆ ಇನ್ನೂ ದೊಡ್ಡದೆನಿಸುತ್ತದೆ. ಗುಂಪಿನಲ್ಲಿ ಸಾಮಾನ್ಯವಾಗಿ ಮರಿ ಹಾಕುವುದು ಒಂದೇ ಹೆಣ್ಣು. ಸಾಕುವುದು ಎಲ್ಲವೂ. ನುಂಗಿದ ಮಾಂಸವನ್ನು ಬಿಲದ ಬಳಿ ಬಂದು ಕಕ್ಕಿ, ತಾಯಿಗೂ ಮರಿಗೂ ತಿನ್ನಿಸುತ್ತವೆ. ಮರಿಗಳು ಜೊತೆಗೆ ಓಡಾಡುವಷ್ಟು ಬೆಳೆದ ಮೇಲೆ, ಬೇಟೆಯ ಮೇಲೆ ಮೊದಲ ಹಕ್ಕು ಅವುಗಳದ್ದು. ದೊಡ್ಡವು ಪಕ್ಕಕ್ಕೆ ಸರಿದು ನಿಲ್ಲುತ್ತವೆ.

ಇದೆಲ್ಲ ನಮಗೆ ತಿಳಿದದ್ದು ಬಂಡೀಪುರದಂಥ ಕಾಡುಗಳಿಂದಲೇ. ವನ್ಯಜೀವಿ ವಿಜ್ಞಾನಿ ಎ.ಜೆ.ಟಿ. ಜಾನ್‌ಸಿಂಗ್ 1970ರ ದಶಕದಲ್ಲಿ ಇಲ್ಲಿ ಕಾಲ್ನಡಿಗೆಯಲ್ಲಿ ಇವುಗಳ ಬೆನ್ನು ಹತ್ತಿ ಅಧ್ಯಯನ ಮಾಡಿದರು. ಆಮೇಲೆ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ–ಸೇನಾನಿ ವರ್ಷಗಟ್ಟಲೆ ಹಿಂಬಾಲಿಸಿ ಚಿತ್ರೀಕರಿಸಿದರು. ಅದಕ್ಕೆ ಮುಂಚೆ ಸೀಳುನಾಯಿ ಬರೀ ಕ್ರೂರಿ. ಕೊಂದವರಿಗೆ ಸರ್ಕಾರವೇ ಇನಾಮು ಕೊಡುತ್ತಿತ್ತು. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ತೋಳಗಳಿಗೂ ಇದೇ ಗತಿ ಬಂದಿತ್ತು. 1920ರ ದಶಕದಲ್ಲಿ ಅವನ್ನು ಪೂರ್ತಿ ಅಳಿಸಿದ ಮೇಲೆ, 1995ರಲ್ಲಿ ಕೆನಡಾದಿಂದ ಹಿಡಿದು ತಂದು ಬಿಡಬೇಕಾಯಿತು. ನಮ್ಮಲ್ಲಿ ಅಷ್ಟು ದೂರ ಹೋಗುವ ಮೊದಲೇ 1972ರ ವನ್ಯಜೀವಿ ಕಾಯ್ದೆ ಬಂತು.

ಈಗಿನ ಅಪಾಯ ಬಂದೂಕಿನದಲ್ಲ. ಕಾಡಂಚಿನ ನಾಯಿಗಳಿಂದ ರೇಬಿಸ್, ಡಿಸ್ಟೆಂಪರ್ ಸೀಳುನಾಯಿಗೆ ದಾಟಬಲ್ಲವು. ಒಂದೇ ಬಿಲದಲ್ಲಿ ಮಲಗಿ, ಒಬ್ಬರ ಬಾಯಿಂದೊಬ್ಬರು ತಿನ್ನುವ ಗುಂಪಿಗೆ ರೋಗ ಹೊಕ್ಕರೆ ಒಂದಕ್ಕೇ ನಿಲ್ಲುವುದಿಲ್ಲ. ಗುಂಡ್ಲುಪೇಟೆ ದಾಟಿದ ಮೇಲೆ ರಸ್ತೆ ಪಕ್ಕ ಟಿಟಿ ನಿಲ್ಲಿಸಿ, ಚಿತ್ರಾನ್ನ ತಿಂದು ಉಳಿದದ್ದನ್ನು ಅಲ್ಲೇ ಎಸೆದರೆ ಊರನಾಯಿಗಳು ಅದನ್ನು ಹುಡುಕಿಕೊಂಡು ಕಾಡಿನ ಬೇಲಿಯವರೆಗೆ ಬರುತ್ತವೆ. ಎಲೆ, ಪೊಟ್ಟಣಗಳನ್ನು ಗಾಡಿಯಲ್ಲೇ ಇಟ್ಟುಕೊಂಡು ಬಂದರೆ ಸಾಕು, ಆ ನಾಯಿಗಳಿಗೆ ಅತ್ತ ಹೋಗಲು ಒಂದು ಕಾರಣ ಕಡಿಮೆಯಾಗುತ್ತದೆ.