ದಾಂಪತ್ಯ ಸಮಾಲೋಚನೆಗೆ ಸಕಾಲ ಯಾವುದು?

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆ ಜಗಳವಿಲ್ಲದ ದಾಂಪತ್ಯವನ್ನು ಕಲ್ಪಿಸಿಕೊಂಡಿಲ್ಲ; ಜಗಳಕ್ಕೆ ಒಂದು ಗಡುವನ್ನು ಮಾತ್ರ ಹಾಕಿದೆ. ಗಡುವು ಮೀರಿದರೆ ಮಾಡಬೇಕಾದುದೇನೆಂಬುದನ್ನು ಅದು ಹೇಳುವುದಿಲ್ಲ. ಹಿಂದೆ ಆ ಅಗತ್ಯವೂ ಅಷ್ಟಾಗಿ ಇರಲಿಲ್ಲ. ಅತ್ತೆ-ಮಾವಂದಿರೋ ಸೋದರಮಾವನೋ ಊರ ಹಿರಿಯರೋ ಕರೆಯದೆಯೇ ಬಂದು ನಡುವೆ ಕುಳಿತುಕೊಳ್ಳುತ್ತಿದ್ದರು. ಅವರ ತೀರ್ಪು ಸದಾ ನ್ಯಾಯವಾಗಿತ್ತೆಂದಲ್ಲ. ‘ಹೊಂದಿಕೊಂಡು ಹೋಗು’ ಎಂಬ ಉಪದೇಶ ಬಹುಮಟ್ಟಿಗೆ ಹೆಣ್ಣಿನ ಪಾಲಿಗೇ ಬರುತ್ತಿತ್ತು. ಆದರೂ ಕೇಳುವ ಕಿವಿಯೊಂದು ಇತ್ತು. ಮುಂಬಯಿ, ಪುಣೆ, ದಿಲ್ಲಿಗಳಲ್ಲಿ ನೆಲೆಸಿದ ನಮ್ಮಲ್ಲಿ ಅನೇಕರಿಗೆ ಆ ಕಿವಿ ಇಂದು ದೂರವಾಗಿದೆ. ತೌರಿಗೆ ತಿಳಿಸಿದರೆ ಅವರಿಗೆ ಆತಂಕ. ಸಂಘದ ಮಿತ್ರರಿಗೆ ತಿಳಿಸಿದರೆ ಮುಂದಿನ ರಾಜ್ಯೋತ್ಸವದಲ್ಲಿ ಮುಖವೆತ್ತುವುದು ಹೇಗೆಂಬ ಸಂಕೋಚ. ಹೀಗಾಗಿ ಮೌನವೇ ಮನೆಯ ನೀತಿಯಾಗುತ್ತದೆ.

ದಾಂಪತ್ಯ ಸಮಾಲೋಚನೆಯೆಂದರೆ ಪಂಚಾಯಿತಿಯಲ್ಲ. ತರಬೇತಿ ಪಡೆದ ಸಮಾಲೋಚಕನು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ತಪ್ಪು ಯಾರದೆಂದು ನಿರ್ಣಯಿಸುವ ಬದಲು, ಮಾತು ಎಲ್ಲಿ ಕೆಡುತ್ತದೆಂಬುದನ್ನು ಅವರಿಗೇ ಕಾಣಿಸಿಕೊಡುತ್ತಾನೆ. ಇದಕ್ಕೆ ಕೆಲವು ವಾರಗಳೋ ತಿಂಗಳುಗಳೋ ಬೇಕಾಗುತ್ತವೆ. ಆದ್ದರಿಂದಲೇ ಯಾವಾಗ ಹೋಗಬೇಕೆಂಬ ಪ್ರಶ್ನೆ ಮುಖ್ಯವಾದುದು.

ಅಮೆರಿಕೆಯ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜಾನ್ ಗಾಟ್‌ಮನ್ ಎಂಬ ಮನಃಶಾಸ್ತ್ರಜ್ಞರು ದಂಪತಿಗಳ ಸಂಭಾಷಣೆಯನ್ನು ವರ್ಷಗಟ್ಟಲೆ ಪರಿಶೀಲಿಸಿದರು. ದಂಪತಿಗಳ ಭಿನ್ನಾಭಿಪ್ರಾಯಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಎಂದಿಗೂ ಪೂರ್ತಿ ಬಗೆಹರಿಯುವುದಿಲ್ಲವೆಂದೂ, ಸುಖವಾಗಿರುವವರಲ್ಲಿಯೂ ಅವು ಉಳಿದೇ ಇರುತ್ತವೆಂದೂ ಅವರ ಅಭಿಪ್ರಾಯ. ಎಂದಮೇಲೆ ಜಗಳವೊಂದೇ ರೋಗಲಕ್ಷಣವಲ್ಲ. ಅವರು ಅಪಾಯಕರವೆಂದು ಗುರುತಿಸಿದವು ನಾಲ್ಕು: ನಡತೆಯನ್ನು ಬಿಟ್ಟು ವ್ಯಕ್ತಿಯನ್ನೇ ದೂಷಿಸುವುದು, ತಿರಸ್ಕಾರ, ಆತ್ಮಸಮರ್ಥನೆ, ಮಾತುಬಿಟ್ಟು ಗೋಡೆಯಂತೆ ಕೂರುವುದು. ‘ಇಂದು ಹಾಲು ತರಲು ಮರೆತಿರಿ’ ಎಂಬುದು ದೂರು. ‘ನಿಮಗೆ ಮನೆಯ ಮೇಲೆ ಲಕ್ಷ್ಯವೇ ಇಲ್ಲ’ ಎಂಬುದು ದೂಷಣೆ. ‘ನಿಮ್ಮ ವಂಶವೇ ಹಾಗೆ’ ಎಂದು ತುಟಿ ಕೊಂಕಿಸುವುದು ತಿರಸ್ಕಾರ. ನಾಲ್ಕರಲ್ಲಿ ಇದೇ ಅತ್ಯಂತ ವಿಷಮವಾದುದೆಂದು ಅವರು ಹೇಳುತ್ತಾರೆ.

ಇದನ್ನು ನಮ್ಮ ಮನೆಗಳಿಗೆ ಅನ್ವಯಿಸಿದರೆ ಸಕಾಲದ ಗುರುತುಗಳು ತಾವಾಗಿಯೇ ತೋರುತ್ತವೆ. ವಿಷಯ ಯಾವುದೇ ಇರಲಿ, ಜಗಳವು ಅದೇ ಹಳೆಯ ಮಾತಿಗೆ ಬಂದು ಮುಟ್ಟುವುದು. ಕ್ಷಮೆ ಕೇಳಿದರೂ ಮನಸ್ಸು ತಿಳಿಯಾಗದಿರುವುದು. ಶಾಲೆಯ ಫೀಸು, ಮನೆಯ ಬಾಡಿಗೆಗಳ ಹೊರತು ಬೇರೆ ಮಾತೇ ಇಲ್ಲದಿರುವುದು. ‘ನಿಮ್ಮಪ್ಪನಿಗೆ ಹೇಳು’ ಎಂದು ಮಗುವನ್ನು ದೂತನನ್ನಾಗಿಸುವುದು. ಇವುಗಳಲ್ಲಿ ಒಂದೆರಡು ತಿಂಗಳುಗಟ್ಟಲೆ ನಿಂತರೆ ಹೋಗುವ ಕಾಲ ಬಂದಿತೆಂದೇ ತಿಳಿಯಬೇಕು. ಮಗುವಿನ ಜನನ, ನೌಕರಿಯ ನಷ್ಟ, ಊರಿನಿಂದ ವೃದ್ಧ ತಂದೆತಾಯಿಗಳ ಆಗಮನ, ನಿವೃತ್ತಿ ಮೊದಲಾದ ಸಂಧಿಕಾಲಗಳಲ್ಲಿ ಇನ್ನೂ ಬೇಗ ಹೋದರೆ ಲೇಸು.

ನಮ್ಮಲ್ಲಿ ಹಲವರು ಸಮಾಲೋಚಕರನ್ನು ಮೊದಲು ಕಾಣುವುದು ನ್ಯಾಯಾಲಯದ ಆವರಣದಲ್ಲಿ. 1955ರ ಹಿಂದೂ ವಿವಾಹ ಕಾಯಿದೆಯೂ 1984ರ ಕುಟುಂಬ ನ್ಯಾಯಾಲಯಗಳ ಕಾಯಿದೆಯೂ ಮೊದಲು ರಾಜಿಗೆ ಯತ್ನಿಸಬೇಕೆಂದು ನ್ಯಾಯಾಧೀಶರಿಗೆ ವಿಧಿಸಿವೆ. 1976ರಲ್ಲಿ ಸೇರಿದ ಪರಸ್ಪರ ಸಮ್ಮತಿಯ ವಿಚ್ಛೇದನದಲ್ಲಿ ಆರು ತಿಂಗಳ ಕಾಯುವಿಕೆಯುಂಟು. ಸೂಕ್ತ ಸಂದರ್ಭಗಳಲ್ಲಿ ಅದನ್ನು ಬಿಡಬಹುದೆಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ತೀರ್ಪಿತ್ತಿದೆ. ಆದರೆ ಅರ್ಜಿ ಬರೆಸುವ ಹೊತ್ತಿಗೆ ಇಬ್ಬರ ಮನಸ್ಸೂ ಸಾಕ್ಷ್ಯ ಸಂಗ್ರಹದಲ್ಲಿ ತೊಡಗಿರುತ್ತದೆ. ಕೇಳುವ ತಾಳ್ಮೆ ಬತ್ತಿರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಹೊಡೆತ, ಬೆದರಿಕೆಗಳಿರುವ ಮನೆಗೆ ಜಂಟಿ ಸಮಾಲೋಚನೆ ಮೊದಲ ಮದ್ದಲ್ಲ. ಅಲ್ಲಿ ಬಾಯಿಬಿಟ್ಟ ಸತ್ಯಕ್ಕೆ ಮನೆಯಲ್ಲಿ ದಂಡ ತೆರಬೇಕಾದೀತು. ಅಂಥವರಿಗೆ ಮೊದಲು ಬೇಕಾದುದು ರಕ್ಷಣೆ. ಅದಕ್ಕೆ 2005ರ ಕೌಟುಂಬಿಕ ಹಿಂಸೆಯ ಕಾಯಿದೆಯೂ 181ರ ಮಹಿಳಾ ಸಹಾಯವಾಣಿಯೂ ಇವೆ. ಮದ್ಯಪಾನದ ಚಟ ಅಥವಾ ತೀವ್ರ ಮನೋರೋಗವಿದ್ದರೆ ಅದರ ಚಿಕಿತ್ಸೆಯನ್ನು ಮುಂದೂಡಬಾರದು. ಒಬ್ಬರು ಬರಲು ಒಪ್ಪದಿದ್ದರೆ ಇನ್ನೊಬ್ಬರು ಒಂಟಿಯಾಗಿ ಹೋದರೂ ಪ್ರಯೋಜನವುಂಟು.

ಕೊನೆಯದಾಗಿ ಭಾಷೆಯ ಮಾತು. ಮನುಷ್ಯನು ಕೋಪಗೊಳ್ಳುವುದೂ ಅಳುವುದೂ ತಾಯ್ನುಡಿಯಲ್ಲಿ. ಕನ್ನಡದಲ್ಲಿ ಆಡಿದ ಕಟುನುಡಿಯನ್ನು ಇಂಗ್ಲಿಷಿನಲ್ಲಿ ವರದಿ ಮಾಡಿದಾಗ ಅದರ ಮೊನೆ ಮುರಿದಿರುತ್ತದೆ. ಗಾಯವೇಕೆ ಆಯಿತೆಂಬುದು ಕೇಳುವವರಿಗೆ ತಿಳಿಯುವುದಿಲ್ಲ. ಆದುದರಿಂದ ಸಾಧ್ಯವಾದೆಡೆ ಕನ್ನಡ ಬಲ್ಲ ಸಮಾಲೋಚಕರನ್ನೇ ಅರಸುವುದು ಯುಕ್ತ. ಎಲ್ಲಿಂದ ಆರಂಭಿಸಬೇಕೆಂದು ತೋಚದವರು, 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಗೆ 14416ರಲ್ಲಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಿ, ಮುಂದಿನ ದಾರಿಯನ್ನು ಕೇಳಬಹುದು. ನಮ್ಮ ಸಂಘಗಳೂ ತಮ್ಮ ನಗರದಲ್ಲಿರುವ ಕನ್ನಡ ಬಲ್ಲ ಸಮಾಲೋಚಕರ ಪಟ್ಟಿಯೊಂದನ್ನು ಸಿದ್ಧಪಡಿಸಿ, ಯಾರ ಹೆಸರನ್ನೂ ಕೇಳದೆ ಬೇಕಾದವರಿಗೆ ಒದಗಿಸುವಂತಾದರೆ, ಊರಿನಲ್ಲಿ ಬಿಟ್ಟುಬಂದ ಹಿರಿಯರ ಕೆಲಸದಲ್ಲಿ ಒಂದು ಪಾಲನ್ನಾದರೂ ನಿರ್ವಹಿಸಿದಂತಾಗುತ್ತದೆ.