ಒಂದಕ್ಷರದ ರೋಗಕ್ಕೆ ಜೀನ್ ಕತ್ತರಿ

ಹಿಮೋಗ್ಲೋಬಿನ್ ತಯಾರಿಸುವ ಸೂಚನೆಗಳಲ್ಲಿ ಒಂದು ಭಾಗ ನಮ್ಮ 11ನೇ ವರ್ಣತಂತುವಿನಲ್ಲಿದೆ. ಅಲ್ಲಿನ ಡಿಎನ್‌ಎಯಲ್ಲಿ 'ಎ' ಎಂಬ ಅಕ್ಷರ ಇರಬೇಕಾದ ಒಂದು ಜಾಗದಲ್ಲಿ 'ಟಿ' ಇದ್ದರೆ ಸಾಕು, ಹಿಮೋಗ್ಲೋಬಿನ್‌ನ ಗುಣವೇ ಬದಲಾಗುತ್ತದೆ. ತಂದೆ, ತಾಯಿ ಇಬ್ಬರಿಂದಲೂ ಈ ದೋಷ ಪಡೆದ ಮಗುವಿನ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳನ್ನು ಕಟ್ಟಿಬಿಡುತ್ತವೆ. ತಡೆಯಲಾರದ ನೋವು, ರಕ್ತಹೀನತೆ ಬೆನ್ನು ಬೀಳುತ್ತವೆ. ಇದೇ ಸಿಕಲ್ ಸೆಲ್ ಕಾಯಿಲೆ.

ಈಗ ಇದಕ್ಕೆ ಜೀನ್ ಮಟ್ಟದಲ್ಲೇ ಚಿಕಿತ್ಸೆಯಿದೆ. ಡಿಎನ್‌ಎಯನ್ನು ಬೇಕಾದಲ್ಲಿ ಕತ್ತರಿಸುವ ಕ್ರಿಸ್ಪರ್ ತಂತ್ರವನ್ನು ಜೆನ್ನಿಫರ್ ಡೌಡ್ನಾ ಮತ್ತು ಎಮ್ಯಾನುಯೆಲ್ ಶಾರ್ಪೆಂಟಿಯೆ 2012ರಲ್ಲಿ ವಿವರಿಸಿದರು; 2020ರಲ್ಲಿ ನೊಬೆಲ್ ಪಡೆದರು. ಇದರಲ್ಲಿ ಆರ್‌ಎನ್‌ಎ ತುಣುಕೊಂದು ಜಾಗ ಹುಡುಕುತ್ತದೆ, ಕ್ಯಾಸ್9 ಎಂಬ ಕಿಣ್ವ ಅಲ್ಲಿ ಕತ್ತರಿಸುತ್ತದೆ.

ಸ್ವಾರಸ್ಯವೆಂದರೆ, ಈ ತಂತ್ರ ಬಳಸುವ 'ಕ್ಯಾಸ್‌ಜೆವಿ' ಎಂಬ ಚಿಕಿತ್ಸೆ ಆ ತಪ್ಪು ಅಕ್ಷರವನ್ನು ಮುಟ್ಟುವುದೇ ಇಲ್ಲ. ಗರ್ಭದಲ್ಲಿದ್ದಾಗ ನಮ್ಮಲ್ಲಿ ಬೇರೊಂದು ಬಗೆಯ ಹಿಮೋಗ್ಲೋಬಿನ್ ಇರುತ್ತದೆ. ಹುಟ್ಟಿದ ಮೇಲೆ ಬಿಸಿಎಲ್11ಎ ಎಂಬ ಜೀನ್ ಅದರ ತಯಾರಿಯನ್ನು ಅಡಗಿಸುತ್ತದೆ. ರೋಗಿಯ ರಕ್ತದ ಆಕರಕೋಶಗಳನ್ನು ಹೊರತೆಗೆದು, ಈ ಜೀನನ್ನು ಚುರುಕಾಗಿಸುವ ಭಾಗವನ್ನು ಕ್ರಿಸ್ಪರ್‌ನಿಂದ ಕೆಡಿಸಲಾಗುತ್ತದೆ. ಕೀಮೋಥೆರಪಿಯಿಂದ ಹಳೆಯ ಮೂಳೆಮಜ್ಜೆಯನ್ನು ತೆರವುಗೊಳಿಸಿ, ತಿದ್ದಿದ ಕೋಶಗಳನ್ನು ಮರಳಿ ಸೇರಿಸುತ್ತಾರೆ. ಗರ್ಭಕಾಲದ ಹಿಮೋಗ್ಲೋಬಿನ್ ಮತ್ತೆ ಹುಟ್ಟಿ, ಕಣಗಳು ಬಾಗದಂತೆ ಕಾಯುತ್ತದೆ. ಪ್ರಯೋಗದಲ್ಲಿ ಮೌಲ್ಯಮಾಪನಕ್ಕೆ ಒಳಪಟ್ಟ 31 ಮಂದಿಯಲ್ಲಿ 29 ಮಂದಿಗೆ ಕನಿಷ್ಠ ಒಂದು ವರ್ಷ ತೀವ್ರ ನೋವಿನ ಬಾಧೆ ಕಾಡಲಿಲ್ಲ. 2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ನೀಡಿದವು. ಈ ತಿದ್ದುಪಡಿ ರಕ್ತದ ಕೋಶಗಳಿಗೆ ಸೀಮಿತ, ಮಕ್ಕಳಿಗೆ ದಾಟುವುದಿಲ್ಲ.

ಆದರೆ ಅಮೆರಿಕದಲ್ಲಿ ಇದರ ಬೆಲೆ 22 ಲಕ್ಷ ಡಾಲರ್. ಭಾರತದಲ್ಲಿ ಈ ಕಾಯಿಲೆ ಹೆಚ್ಚಾಗಿ ಕಾಡುವುದು ಬುಡಕಟ್ಟು ಜನರನ್ನು. ನಮ್ಮ ಚಾಮರಾಜನಗರದ ಸೋಲಿಗರಲ್ಲೂ ಇದಿದೆ. ದೆಹಲಿಯ ಐಜಿಐಬಿ ಸಂಸ್ಥೆ ನಮ್ಮದೇ ಕ್ರಿಸ್ಪರ್ ಚಿಕಿತ್ಸೆಗಾಗಿ ದುಡಿಯುತ್ತಿರುವುದು ಅದಕ್ಕಾಗಿಯೇ ಮುಖ್ಯ.

ಅದು ಕೈಗೆಟುಕುವವರೆಗೂ ರಕ್ತಪರೀಕ್ಷೆಯ ದಾರಿಯಂತೂ ಇದೆ. ದಂಪತಿ ಇಬ್ಬರೂ ವಾಹಕರಾಗಿದ್ದರೆ, ಅಂದರೆ ದೋಷದ ಒಂದೊಂದು ಪ್ರತಿಯನ್ನು ಹೊತ್ತಿದ್ದರೆ, ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. 2023ರಲ್ಲಿ ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಡಿ ತಪಾಸಣೆ ನಡೆಯುತ್ತಿದೆ. ಈ ಕಾಯಿಲೆಯಿರುವ ಸಮುದಾಯಗಳ ಯುವಜನರು ಮದುವೆಗೆ ಮುಂಚೆಯೇ ಪರೀಕ್ಷೆ ಮಾಡಿಸಿಕೊಳ್ಳಲಿ.